ನಾಯಿ ರಕ್ಷಣಾ ಕೆಲಸದಿಂದ ನಿಮಗೆ ದಕ್ಕಿದ್ದೇನು?

ಸಂಜೆಪಾಳಿ

ನಾಯಿಗಳನ್ನು ರಕ್ಷಿಸಿ, ಆರೈಕೆ ಮಾಡಿ, ಮನೆ ಹುಡುಕಿಕೊಡುವ ತಂಡವೊಂದರಲ್ಲಿ ಸ್ವಯಂಸೇವಕಿಯಾಗಿದ್ದೇನೆ. ಹೊಸದಾಗಿ ಸೇರುವವರಿಗೆ ಕೆಲಸ ಹೇಳಿಕೊಡುವ ಹೊಣೆಯೂ ಈಗ ನನ್ನ ಮೇಲಿದೆ. ಬಂದವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಹೊತ್ತಿಗೆ ಕೇಳುತ್ತಾರೆ: "ಸಂಬಳವಿಲ್ಲ, ರಜೆಯ ದಿನವೂ ಇದಕ್ಕೇ ಹೋಗುತ್ತದೆ, ನಿಮಗೆ ಸಿಗುವುದಾದರೂ ಏನು?"

"ನಾಯಿಗಳ ಪ್ರೀತಿ" ಎಂದುಬಿಡುವುದು ಸುಲಭ. ಆದರೆ ಹೊಡೆತ ತಿಂದು, ಹಸಿದು ಬಂದ ನಾಯಿ ನಮ್ಮನ್ನು ಪ್ರೀತಿಸುತ್ತಾ ಬರುವುದಿಲ್ಲ. ನಡುಗುತ್ತಾ ಬರುತ್ತದೆ. ಕೈ ಚಾಚಿದರೆ ಹಲ್ಲು ತೋರಿಸುತ್ತದೆ. ನಾನು ಅದನ್ನು ಕಾಪಾಡಿದವಳು ಎಂಬುದು ನನಗೆ ಗೊತ್ತು, ಅದಕ್ಕೆ ಗೊತ್ತಿಲ್ಲ.

ಕಂದು ಬಣ್ಣದ ಹೆಣ್ಣು ನಾಯಿಯೊಂದು ಬಂದ ದಿನದಿಂದ ಗೋಡೆಗೆ ಮುಖ ಮಾಡಿಕೊಂಡೇ ಇರುತ್ತಿತ್ತು. ಅದರ ಗೂಡಿನೊಳಗೆ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕುಳಿತು, ಅದನ್ನು ನೋಡದೆ, ಮೆಲುದನಿಯಲ್ಲಿ ಏನಾದರೂ ಓದುತ್ತಿದ್ದೆ. ಮೊದಮೊದಲು ಏನೂ ಆಗುತ್ತಿಲ್ಲ ಎನಿಸಿತು. ಆಮೇಲೆ, ಆಗುತ್ತಿರುವುದೆಲ್ಲ ಒಂದೊಂದಾಗಿ ಕಣ್ಣಿಗೆ ಬೀಳತೊಡಗಿತು: ಬಿಗಿದುಕೊಂಡಿದ್ದ ದವಡೆ ಸಡಿಲಾಗುವುದು, ಉಸಿರು ನಿಧಾನವಾಗುವುದು, ಒಂದು ಕಿವಿ ಮಾತ್ರ ನನ್ನ ದನಿಯತ್ತ ತಿರುಗುವುದು, ಹೊಟ್ಟೆಗೆ ಅಂಟಿದ್ದ ಬಾಲ ಕೊಂಚ ಬಿಡಿಸಿಕೊಳ್ಳುವುದು. ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುವುದು, ಇವೆಲ್ಲ ಆತಂಕದ ಗುರುತುಗಳೆಂದು ಓದಿ ತಿಳಿದಿದ್ದೆ. ಅವು ಒಂದು ಜೀವದ ಮೈಮೇಲೆ ದಿನದಿನವೂ ಕಡಿಮೆಯಾಗುವುದನ್ನು ನೋಡಿದ್ದು ಅದೇ ಮೊದಲು. ಇಷ್ಟು ಗಮನವಿಟ್ಟು ನಾನು ಹಿಂದೆ ಯಾವುದನ್ನೂ, ಯಾರನ್ನೂ ನೋಡಿರಲಿಲ್ಲ. ಈಗ ಮನೆಯವರು ಮಾತನಾಡದೆ ಕುಳಿತಾಗಲೂ ಅವರ ಭುಜ ಬಿಗಿದಿರುವುದು ನನಗೆ ತಿಳಿಯುತ್ತದೆ.

ನನಗೆ ಸಿಕ್ಕ ಪ್ರತಿಫಲ ಇದು. ನಿಮಗೇನು ಸಿಕ್ಕಿದೆ? ಅಲಂಕಾರವಿಲ್ಲದೆ ಬರೆಯಿರಿ. ಹೊಸಬರಿಗೆ ಇದನ್ನು ಓದಲು ಕೊಡುತ್ತೇನೆ.

ಹಳೆಯ ಟವೆಲ್

ನನ್ನದು ತೊಳೆಯುವ ಕೆಲಸ. ಗೂಡು, ಬಟ್ಟಲು, ಹೊದಿಕೆ. ಈ ವಿಭಾಗದ ಬಗ್ಗೆ ಯಾರೂ ಬರೆಯುವುದಿಲ್ಲ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಪಾರ್ವೊ ವೈರಸ್ ನಾಯಿಗಳಲ್ಲಿ ಕಾಣಿಸಿಕೊಂಡದ್ದು 1978ರ ಸುಮಾರಿಗೆ. ಎರಡು ವರ್ಷಗಳೊಳಗೆ ಅದು ಜಗತ್ತನ್ನೆಲ್ಲ ಸುತ್ತಿತು. ಲಸಿಕೆ ಹಾಕಿಸದ ಮರಿಗಳಿಗೆ ರಕ್ತಭೇದಿ, ವಾಂತಿ. ಡ್ರಿಪ್ ಹಾಕಿ ಕಾಯದಿದ್ದರೆ ಹೆಚ್ಚಿನವು ಉಳಿಯುವುದಿಲ್ಲ. ಈ ವೈರಸ್ಸಿನ ಸುತ್ತ ಕೊಬ್ಬಿನ ಪೊರೆ ಇಲ್ಲ. ಅದಕ್ಕೇ ಸಾಮಾನ್ಯ ಸೋಪಿಗೆ ಅದು ಜಗ್ಗುವುದಿಲ್ಲ. ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಸೇರಿಸಿ, ನೆಲ ಹತ್ತು ನಿಮಿಷ ಒದ್ದೆಯಾಗಿರುವಂತೆ ಬಿಡಬೇಕು. ಅದಕ್ಕೂ ಮೊದಲು ಮಲ, ಕೂದಲು, ಕೊಳೆಯನ್ನೆಲ್ಲ ಪೂರ್ತಿ ತೆಗೆದು ತೊಳೆದಿರಬೇಕು. ಕೊಳೆಯ ಮೇಲೆ ಸುರಿದ ಬ್ಲೀಚ್ ಕೊಳೆಯ ಜೊತೆ ಸೆಣಸಿ ಸತ್ವ ಕಳೆದುಕೊಳ್ಳುತ್ತದೆ. ಈ ಎರಡು ಹಂತಗಳಲ್ಲಿ ಒಂದನ್ನು ಬಿಟ್ಟರೂ ಮಾಡಿದ ಕೆಲಸವೆಲ್ಲ ನೀರುಪಾಲು.

ಸೋಂಕಿನ ಕೋಣೆಯಲ್ಲಿ ಒಂದು ಮರಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ವಾರದಲ್ಲೇ, ಆಚೆ ಬದಿಯ ಗೂಡಿನಲ್ಲಿ ತಾಯಿಯೊಂದು ಮರಿಗಳೊಡನೆ ಇತ್ತು. ನಾವು ಪ್ರತಿ ಬಾಗಿಲಿಗೂ ಬೇರೆ ಬೂಟು, ಬೇರೆ ಪೊರಕೆ ಇಟ್ಟುಕೊಂಡು ಓಡಾಡಿದೆವು. ಆ ಮರಿಗಳಲ್ಲಿ ಒಂದಕ್ಕೂ ರೋಗ ತಗಲಲಿಲ್ಲ. ತಗಲಲಿಲ್ಲ ಎಂಬುದಕ್ಕೆ ಫೋಟೊ ತೆಗೆಯಲಾಗುವುದಿಲ್ಲ. ಆ ಮರಿಗಳನ್ನು ದತ್ತು ತೆಗೆದುಕೊಂಡವರಿಗೂ ಅದು ಗೊತ್ತಿಲ್ಲ. ನನಗೆ ಗೊತ್ತು. ಕೈಯ ಚರ್ಮ ಒರಟಾಗಿದೆ, ಮನಸ್ಸು ತುಂಬಿದೆ.

ಎರಡು ಸಲ ಯೋಚಿಸಿ

ಈ ಚರ್ಚೆಯ ದಿಕ್ಕು ನನಗೆ ಒಪ್ಪಿಗೆಯಿಲ್ಲ. "ನಮಗೆ ಏನು ಸಿಗುತ್ತದೆ" ಎಂಬ ಪ್ರಶ್ನೆಯಿಂದ ಶುರುವಾದ ಸೇವೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ನಾನು ಮೊದಲು ಇದ್ದ ತಂಡದ ಹಿರಿಯರಿಗೆ "ಇಲ್ಲ" ಎನ್ನಲು ಬರುತ್ತಿರಲಿಲ್ಲ. ಹೊಸ ನಾಯಿಯನ್ನು ಎತ್ತಿಕೊಂಡು ಬಂದಾಗ ಆಗುವ ಉಬ್ಬರ ಅವರಿಗೆ ಬೇಕಿತ್ತು. ಒಂದು ಗೂಡಿಗೆ ಎರಡು, ಮೂರು ನಾಯಿಗಳಾದವು. ಕಚ್ಚಾಟ ಹೆಚ್ಚಿತು, ಕಜ್ಜಿ ಒಂದರಿಂದ ಒಂದಕ್ಕೆ ಹರಡಿತು, ಲಸಿಕೆಯ ದಿನಗಳು ತಪ್ಪಿದವು. ರಕ್ಷಿಸಿದ ನಾಯಿಗಳಿಗೆ ರಕ್ಷಣೆಯೇ ಇಲ್ಲದಂತಾಯಿತು. ನಾನು ಎದುರು ಮಾತನಾಡಿ ಹೊರಬಂದೆ.

ಇನ್ನೊಂದು ಬಗೆಯವರೂ ಇದ್ದಾರೆ. ಮರಿಗಳನ್ನು ಮುದ್ದಿಸಲು ಬಂದು, ಮೊದಲ ಸಾವಿನ ಮರುದಿನವೇ ಕಾಣೆಯಾಗುವವರು. ಅವರು ನಡೆಸಬೇಕಿದ್ದ ನಾಯಿ ಅಂದು ಗೂಡಿನಲ್ಲೇ ಉಳಿಯುತ್ತದೆ.

ನಾಯಿಗೆ ಏನು ಸಿಕ್ಕಿತು ಎಂದು ಕೇಳಿ. ಅದೊಂದೇ ಲೆಕ್ಕ.

ಸಂಜೆಪಾಳಿ

ಎರಡು ಸಲ ಯೋಚಿಸಿ ಅವರೇ, ನೀವು ಹೇಳಿದ ಎರಡೂ ಬಗೆಯವರನ್ನು ನಾನೂ ಬಲ್ಲೆ. ಜಾಗಕ್ಕಿಂತ ಹೆಚ್ಚು ನಾಯಿಗಳನ್ನು ತುಂಬಿಕೊಳ್ಳುವುದು ಹಿಂಸೆಯೇ, ಅದಕ್ಕೆ ಕರುಣೆಯ ಹೆಸರಿಡಬಾರದು. ಆದರೆ ತಮಗೇನೂ ಬೇಡವೆಂದು ಸುಮ್ಮನೆ ದುಡಿದು, ಒಳಗೇ ಸುಟ್ಟುಹೋದವರನ್ನೂ ಕಂಡಿದ್ದೇನೆ. ತಮಗೆ ಇದರಲ್ಲಿ ಸಿಗುವ ಸಂತೋಷ ಯಾವುದು ಎಂದು ತಿಳಿದವರು ಬಹುಕಾಲ ಉಳಿಯುತ್ತಾರೆ ಎಂಬುದು ನನ್ನ ಅನುಭವ. ನಾಯಿಗೆ ಬೇಕಾದದ್ದೂ ಅದೇ ಅಲ್ಲವೇ? ವಾರ ವಾರವೂ ಬರುವ ಅದೇ ವಾಸನೆ, ಅದೇ ಹೆಜ್ಜೆಯ ಸದ್ದು.

ಬೆಚ್ಚನೆಯ ಪೆಟ್ಟಿಗೆ

ತಾಯಿಯಿಲ್ಲದ ಮರಿಗಳನ್ನು ಮನೆಯಲ್ಲಿಟ್ಟುಕೊಂಡು ಬೆಳೆಸಿ ಕೊಡುತ್ತೇನೆ. ಕಣ್ಣು ಬಿಡದ ಮರಿಗಳೇ ಹೆಚ್ಚು.

ಜನ ತಣ್ಣಗಾದ ಮರಿಯನ್ನು ಕಂಡ ಕೂಡಲೇ ಹಾಲು ಕುಡಿಸಲು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೈ ತಣ್ಣಗಿರುವಾಗ ಕರುಳು ಕೆಲಸ ಮಾಡುವುದಿಲ್ಲ. ಕುಡಿಸಿದ ಹಾಲು ಒಳಗೇ ಕೊಳೆಯುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲು ನಿಧಾನವಾಗಿ ಬೆಚ್ಚಗೆ ಮಾಡಿ, ಆಮೇಲೆ ಹಾಲು. ಮೊದಲ ವಾರ ಪೆಟ್ಟಿಗೆಯೊಳಗಿನ ಉಷ್ಣತೆ ಸುಮಾರು 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು, ಒಂದು ಬದಿ ಸ್ವಲ್ಪ ತಂಪಾಗಿದ್ದರೆ ಸೆಕೆಯಾದ ಮರಿ ಅತ್ತ ತೆವಳಿಕೊಳ್ಳುತ್ತದೆ. ಹಸುವಿನ ಹಾಲು ಸಾಲದು. ನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಅದಕ್ಕಿಂತ ಬಹಳ ಹೆಚ್ಚು. ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ಬೇಕು. ಮಗುವಿನಂತೆ ಅಂಗಾತ ಮಲಗಿಸಿ ಕುಡಿಸಬಾರದು, ಹೊಟ್ಟೆ ಕೆಳಗಾಗಿಯೇ ಇರಬೇಕು. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಕೆಳಭಾಗವನ್ನು ಮೃದುವಾಗಿ ಸವರಬೇಕು. ತಾಯಿ ನೆಕ್ಕದೆ ಇಷ್ಟು ಚಿಕ್ಕ ಮರಿಗಳು ಮೂತ್ರವನ್ನೂ ಮಾಡಲಾರವು.

ರಾತ್ರಿ ಎರಡೆರಡು ಗಂಟೆಗೊಮ್ಮೆ ಎದ್ದು ತಕ್ಕಡಿಯ ಮೇಲೆ ಮರಿಯನ್ನಿಟ್ಟಾಗ ನಿನ್ನೆಗಿಂತ ಕೆಲವೇ ಗ್ರಾಂ ಹೆಚ್ಚು ತೋರಿಸಿದರೂ, ಆಗುವ ಹಿಗ್ಗು ಬೇರೆ ಯಾವ ಗೆಲುವಿನಲ್ಲೂ ನನಗೆ ಸಿಕ್ಕಿಲ್ಲ. ಎರಡು ವಾರದ ಹೊತ್ತಿಗೆ ಕಣ್ಣು ಬಿಡುತ್ತವೆ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗಿನ ಕಾಲ ಬಹಳ ಮುಖ್ಯ. ಆಗ ಕಂಡ ಮನುಷ್ಯರು, ಕೇಳಿದ ಸದ್ದುಗಳು, ತುಳಿದ ನೆಲ ಇವೆಲ್ಲ ಜೀವನಪೂರ್ತಿ ಅದಕ್ಕೆ ಸಹಜವೆನಿಸುತ್ತವೆ. ಆಗ ಕಾಣದಿದ್ದುದಕ್ಕೆ ದೊಡ್ಡದಾದ ಮೇಲೂ ಹೆದರಬಹುದು. ಆದ್ದರಿಂದ ನನ್ನ ಮನೆಯಲ್ಲಿ ಛತ್ರಿ ಬಿಚ್ಚುತ್ತೇವೆ, ಪಾತ್ರೆ ಬೀಳಿಸುತ್ತೇವೆ, ಟೋಪಿ ಹಾಕಿದವರನ್ನೂ ಊರುಗೋಲು ಹಿಡಿದವರನ್ನೂ ಕರೆಯುತ್ತೇವೆ.

"ಕೊಟ್ಟುಬಿಡುವಾಗ ಹೇಗೆ ತಡೆದುಕೊಳ್ಳುತ್ತೀರಿ?" ಎಂದು ಕೇಳುವವರಿಗೆ: ಅಳುತ್ತೇನೆ. ಪೆಟ್ಟಿಗೆ ತೊಳೆದು ಒಣಗಿಸುತ್ತೇನೆ. ಇಟ್ಟುಕೊಂಡುಬಿಟ್ಟರೆ ಮುಂದಿನ ಮರಿಗೆ ಜಾಗವಿರುವುದಿಲ್ಲ. ನನ್ನ ಕೈಯಲ್ಲಿ ಕಣ್ಣು ಬಿಟ್ಟ ಮರಿಯೊಂದು ಈಗ ಯಾರದೋ ಮನೆಯಲ್ಲಿ ಛತ್ರಿಗೆ ಹೆದರದೆ ಬದುಕುತ್ತಿದೆ. ಬಿಟ್ಟುಕೊಡಲು ಕಲಿತದ್ದೇ ನನಗೆ ಸಿಕ್ಕಿದ್ದು. ದೊಡ್ಡವರಾಗಿ ಮನೆ ಬಿಟ್ಟು ಹೋದ ಮಕ್ಕಳ ವಿಷಯದಲ್ಲೂ ಅದು ನನ್ನ ಕೈಹಿಡಿದಿದೆ.

ದೂರದ ಹಾದಿ

ನಾನು ವಾಹನ ಓಡಿಸುತ್ತೇನೆ. ಒಂದು ಕಡೆ ನಾಯಿಯನ್ನು ಹತ್ತಿಸಿಕೊಂಡು ಇನ್ನೊಂದು ಕಡೆ ಇಳಿಸುವುದು, ಅಷ್ಟೇ. ಹಿಂದೇನಾಯಿತು, ಮುಂದೇನಾಗುತ್ತದೆ ಎಂಬುದು ಸಾಮಾನ್ಯವಾಗಿ ನನಗೆ ತಿಳಿಯುವುದಿಲ್ಲ. ಹತ್ತಿದಾಗ ಏದುಸಿರು ಬಿಡುತ್ತಾ ನಿಂತೇ ಇದ್ದ ನಾಯಿ ದಾರಿಯ ನಡುವೆ ಒಮ್ಮೆ ನಿಟ್ಟುಸಿರು ಬಿಟ್ಟು ಮಲಗುತ್ತದೆ. ಹಿಂದಿನಿಂದ ಆ ಸದ್ದು ಕೇಳಿದರೆ ನನಗೆ ಅಷ್ಟೇ ಸಾಕು.

ನಿವೃತ್ತ ಮೇಷ್ಟರು

ದೂರದ ಹಾದಿಯವರ ಮಾತು ಓದಿ ಮೇರಿ ಟೀಲ್‌ಬಿ ನೆನಪಾದರು. 1860ರಲ್ಲಿ ಲಂಡನ್ನಿನ ಹಾಲೋವೇ ಎಂಬಲ್ಲಿ, ಕಳೆದುಹೋದ ಮತ್ತು ಹಸಿದ ನಾಯಿಗಳಿಗಾಗಿ ತಾತ್ಕಾಲಿಕ ಆಶ್ರಯವೊಂದನ್ನು ತೆರೆದ ಮಹಿಳೆ. ಮನುಷ್ಯರೇ ಬೀದಿಯಲ್ಲಿ ಹಸಿದಿರುವಾಗ ನಾಯಿಗಳಿಗೆ ಮನೆಯೇ ಎಂದು ಪತ್ರಿಕೆಗಳು ಗೇಲಿ ಮಾಡಿದವು. ಆ ಪ್ರಶ್ನೆ ಇಂದಿಗೂ ನಮ್ಮೆಲ್ಲರನ್ನು ಹಿಂಬಾಲಿಸುತ್ತಿದೆ, ನಿಮಗೆ ಗೊತ್ತೇ ಇದೆ. ಆಕೆ 1865ರಲ್ಲೇ ತೀರಿಕೊಂಡರು. ಸಂಸ್ಥೆ ಬ್ಯಾಟರ್ಸಿಗೆ ಸ್ಥಳಾಂತರವಾದದ್ದು 1871ರಲ್ಲಿ. ಅಲ್ಲಿ ಅದು ಇಂದಿಗೂ ನಡೆಯುತ್ತಿದೆ. ತಾನು ಹತ್ತಿಸಿಕೊಂಡ ನಾಯಿಗಳು ಎಲ್ಲಿಯವರೆಗೆ ಹೋದವು ಎಂಬುದು ಆಕೆಗೂ ತಿಳಿಯಲಿಲ್ಲ.

ನನ್ನ ಕೆಲಸ ಫೋನಿನದು. ಮೊಣಕಾಲು ನೋವಿರುವುದರಿಂದ ನಾಯಿ ನಡೆಸಲಾರೆ. ಫೋನ್ ಮಾಡುವವರಲ್ಲಿ ಅನೇಕರು ತಮ್ಮ ನಾಯಿಯನ್ನು ಬಿಟ್ಟುಕೊಡಬೇಕೆಂದು ಮಾಡುತ್ತಾರೆ. ಮೊದಲು ನನಗೆ ಅವರ ಮೇಲೆ ಸಿಟ್ಟು ಬರುತ್ತಿತ್ತು. ಕೇಳುತ್ತಾ ಹೋದ ಹಾಗೆ ಗೊತ್ತಾಯಿತು: ಒಬ್ಬರಿಗೆ ಆಸ್ಪತ್ರೆಗೆ ಸೇರಬೇಕಿದೆ, ನಾಯಿ ನೋಡಿಕೊಳ್ಳಲು ಯಾರೂ ಇಲ್ಲ. ಇನ್ನೊಬ್ಬರ ನಾಯಿ ಬಾಗಿಲು ಪರಚುತ್ತದೆ, ನೆರೆಯವರು ಬೈಯುತ್ತಿದ್ದಾರೆ. ಕೆಲವು ವಾರ ಯಾರಾದರೂ ಇಟ್ಟುಕೊಂಡರೆ ಅಥವಾ ತರಬೇತಿ ಬಲ್ಲವರೊಬ್ಬರು ಮನೆಗೆ ಹೋಗಿ ಬಂದರೆ ಆ ನಾಯಿ ಗೂಡು ಸೇರುವುದೇ ಇಲ್ಲ. ಅಮೆರಿಕದಲ್ಲಿ 2005ರ ಕತ್ರೀನಾ ಚಂಡಮಾರುತದ ಸಮಯದಲ್ಲಿ, ಸಾಕುಪ್ರಾಣಿಗಳನ್ನು ಕರೆದೊಯ್ಯಲು ಬಿಡದ ಕಾರಣ ಎಷ್ಟೋ ಜನ ಮನೆ ಬಿಟ್ಟು ಬರಲೇ ಇಲ್ಲ. ಮರುವರ್ಷ ಅಲ್ಲಿ ಕಾನೂನೇ ಬಂತು, ಜನರನ್ನು ಸ್ಥಳಾಂತರಿಸುವ ಯೋಜನೆಯಲ್ಲಿ ಪ್ರಾಣಿಗಳಿಗೂ ಜಾಗವಿರಬೇಕೆಂದು. ನಾಯಿಯನ್ನು ಉಳಿಸುವುದು ಎಂದರೆ ಬಹಳ ಸಲ ಅದನ್ನು ಹಿಡಿದುಕೊಂಡು ನಿಂತ ಮನುಷ್ಯನನ್ನೂ ಉಳಿಸುವುದು. ಶಾಲೆ ಬಿಟ್ಟ ಮೇಲೆ ನನ್ನ ಅಗತ್ಯ ಯಾರಿಗೂ ಇಲ್ಲ ಎಂದುಕೊಂಡಿದ್ದೆ. ಈಗ ಫೋನ್ ಬಡಿದುಕೊಂಡರೆ ಓಡುತ್ತೇನೆ, ಮೊಣಕಾಲು ಬಿಟ್ಟಷ್ಟು.

ಔಷಧದ ಕಪಾಟು

ಪಶುವೈದ್ಯರ ಬಳಿ ಸಹಾಯಕಿಯಾಗಿದ್ದೇನೆ, ಬಿಡುವಿನಲ್ಲಿ ರಕ್ಷಣಾ ತಂಡಕ್ಕೆ ಹೋಗುತ್ತೇನೆ. ಹೊಸಬರು ಓದುವುದಾದರೆ ಕೆಲವು ವಿಷಯ ಇಲ್ಲಿ ಇರಲೇಬೇಕು.

ಎಲುಬು ಕಾಣುವಷ್ಟು ಸೊರಗಿದ ನಾಯಿಗೆ ಹೊಟ್ಟೆ ತುಂಬ ತಿನ್ನಿಸುವುದು ಅಪಾಯ. ಬಹುದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಲೇ ಆಹಾರ ಬಿದ್ದರೆ ರಕ್ತದಲ್ಲಿನ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ನುಗ್ಗಿ, ರಕ್ತದಲ್ಲಿ ಅವುಗಳ ಮಟ್ಟ ಕುಸಿಯುತ್ತದೆ. ಹೃದಯ ನಿಲ್ಲಬಹುದು. ವೈದ್ಯರು ಹೇಳಿದ ಸ್ವಲ್ಪ ಸ್ವಲ್ಪವನ್ನೇ ದಿನಕ್ಕೆ ಹಲವು ಸಲ ಕೊಡಬೇಕು. ನಾಯಿ ಬಟ್ಟಲು ನೆಕ್ಕಿ ನಿಮ್ಮ ಮುಖ ನೋಡುತ್ತದೆ. ಆಗ ಇನ್ನೊಂದು ಹಿಡಿ ಹಾಕದೆ ಇರುವುದು ಈ ಕೆಲಸದಲ್ಲಿ ನಾನು ಕಂಡ ಅತ್ಯಂತ ಕಠಿಣವಾದ ಪ್ರೀತಿ.

ರೇಬಿಸ್ ಬಗ್ಗೆ: ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುಳಿಯುವುದು ಅಪರೂಪದಲ್ಲಿ ಅಪರೂಪ. ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ ಶೇ 99ರಷ್ಟು ನಾಯಿಗಳಿಂದಲೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಯಿಗಳ ನಡುವೆ ಕೆಲಸ ಮಾಡುವವರು ಮುಂಚಿತವಾಗಿಯೇ ಲಸಿಕೆ ಹಾಕಿಸಿಕೊಳ್ಳಬೇಕು. ಕಚ್ಚಿದರೆ, ಪರಚಿದರೆ ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ನೇರ ವೈದ್ಯರ ಬಳಿ ಹೋಗಿ. ಮೊದಲೇ ಲಸಿಕೆ ಆಗಿದ್ದರೂ ಹೋಗಲೇಬೇಕು.

ಪ್ರತಿಫಲದ ಮಾತಿಗೆ ಬರುತ್ತೇನೆ. 2015ರಲ್ಲಿ ಜಪಾನಿನ ಸಂಶೋಧಕರು, ನಾಯಿ ಮತ್ತು ಅದರ ಒಡೆಯ ಒಬ್ಬರನ್ನೊಬ್ಬರು ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಹೆಚ್ಚುವುದನ್ನು ತೋರಿಸಿದರು. ತಾಯಿ-ಮಗುವಿನ ಬಾಂಧವ್ಯದ ಹಾರ್ಮೋನ್ ಇದು. ಆದರೆ ಹೆದರಿದ ಅಪರಿಚಿತ ನಾಯಿಯ ಕಣ್ಣನ್ನು ದಿಟ್ಟಿಸಬೇಡಿ, ಅದಕ್ಕೆ ಅದು ಬೆದರಿಕೆ. ಸಂಜೆಪಾಳಿಯವರು ಪಕ್ಕಕ್ಕೆ ತಿರುಗಿ ಕುಳಿತದ್ದು ಅದಕ್ಕೇ. ನಾಯಿ ತಾನಾಗಿ ತಲೆಯೆತ್ತಿ ನೋಡುವ ದಿನ ಬರುತ್ತದೆ.

ನನ್ನ ಮಟ್ಟಿಗೆ ಹೇಳುವುದಾದರೆ, ಜನನಾಂಗದ ಮೇಲೆ ರಕ್ತ ಸುರಿಯುವ ಗೆಡ್ಡೆಯಿದ್ದ ನಾಯಿಗಳನ್ನು ಜನ ಅಸಹ್ಯಪಟ್ಟು ಓಡಿಸುತ್ತಾರೆ. ಆ ಗೆಡ್ಡೆ ನಾಯಿಯಿಂದ ನಾಯಿಗೆ ಹರಡುವ ಕ್ಯಾನ್ಸರ್. ವಾರಕ್ಕೊಮ್ಮೆಯಂತೆ ವಿನ್‌ಕ್ರಿಸ್ಟಿನ್ ಚುಚ್ಚುಮದ್ದು ಕೊಟ್ಟರೆ ಹೆಚ್ಚಿನವು ಕೆಲವೇ ವಾರಗಳಲ್ಲಿ ಪೂರ್ತಿ ವಾಸಿಯಾಗುತ್ತವೆ. ಎಲ್ಲರೂ ಮುಖ ತಿರುಗಿಸಿದ ನಾಯಿ ವಾಸಿಯಾಗಿ ಅಂಗಳದಲ್ಲಿ ಓಡುವುದನ್ನು ನೋಡಿದ ಮೇಲೆ, ಯಾವುದನ್ನು ಕಂಡರೂ "ಇದು ಮುಗಿದುಹೋದದ್ದು" ಎಂಬ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ.

ಬಾಗಿಲ ಹೊರಗೆ

ಎಲ್ಲವನ್ನೂ ಓದಿದೆ. ನಾನು ಇರುವ ಬಾಡಿಗೆ ಕೋಣೆಯಲ್ಲಿ ನಾಯಿ ಸಾಕುವಂತಿಲ್ಲ. ರಕ್ತ ನೋಡಿದರೆ ತಲೆ ಸುತ್ತುತ್ತದೆ. ಜನರೊಂದಿಗೆ ಮಾತನಾಡುವುದೂ ಕಷ್ಟ. ವಾರಕ್ಕೆ ಒಂದು ಬೆಳಗ್ಗೆ ಮಾತ್ರ ಬಿಡುವು. ಇಂಥವಳಿಂದ ಅಲ್ಲಿಗೆ ಏನಾದರೂ ಉಪಯೋಗವಿದೆಯೇ?

ಹಳೆಯ ಟವೆಲ್

ಬನ್ನಿ, ತಂಗಿ. ಟವೆಲ್ ಮಡಚುವಾಗ ಯಾರೂ ಮಾತನಾಡಬೇಕಾಗಿಲ್ಲ.

ಸಂಜೆಪಾಳಿ

ಒಂದು ಬೆಳಗ್ಗೆ ಕಡಿಮೆಯೇನಲ್ಲ. ಗೂಡಿನ ಸಾಲುಗಳಲ್ಲಿ ಬೊಗಳುವ ಸದ್ದು ನೂರು ಡೆಸಿಬೆಲ್ ದಾಟುತ್ತದೆ, ನಾಯಿಗಳಿಗೆ ಅಲ್ಲಿ ಸರಿಯಾದ ನಿದ್ದೆಯೇ ಇರುವುದಿಲ್ಲ. ಅಮೆರಿಕದ ಕೆಲವು ಆಶ್ರಯಧಾಮಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದೆರಡು ರಾತ್ರಿ ಯಾರದಾದರೂ ಮನೆಯಲ್ಲಿ ಕಳೆದ ನಾಯಿಗಳ ಒತ್ತಡದ ಹಾರ್ಮೋನ್ ಇಳಿದಿತ್ತು. ಮರಳಿ ಗೂಡಿಗೆ ಬಂದಾಗ ಅದು ಮತ್ತೆ ಮೊದಲಿನ ಮಟ್ಟಕ್ಕೆ ಬಂತೇ ಹೊರತು ಅದನ್ನು ಮೀರಲಿಲ್ಲ. "ಸ್ವಲ್ಪ ಹೊತ್ತು ಸುಖ ತೋರಿಸಿ ವಾಪಸು ತಂದರೆ ಅದಕ್ಕೆ ಇನ್ನೂ ಕಷ್ಟ" ಎಂಬ ಮಾತು ನಾವೆಲ್ಲ ಕೇಳಿದ್ದೇವೆ. ಆ ಅಳತೆಗಳಲ್ಲಿ ಅದು ಕಾಣಲಿಲ್ಲ. ನೀವು ಮನೆಗೆ ಕರೆದೊಯ್ಯಲಾಗದಿದ್ದರೂ ಗೂಡಿನಿಂದ ಹೊರಗೆ ತಂದು ಮರದ ಕೆಳಗೆ ಸುಮ್ಮನೆ ಜೊತೆಗಿರಬಹುದು. ಮಾತು ಕಡಿಮೆ ಇರುವವರ ಬಳಿ ಹೆದರಿದ ನಾಯಿಗಳು ಬೇಗ ಬರುತ್ತವೆ, ಇದನ್ನು ನಾನು ಅನೇಕರಲ್ಲಿ ನೋಡಿದ್ದೇನೆ.

ಎರಡು ಸಲ ಯೋಚಿಸಿ

ಈ ಹುಡುಗಿಯ ಪ್ರಶ್ನೆ ನೋಡಿ ಮರಳಿ ಬರೆಯುತ್ತಿದ್ದೇನೆ.

ನಾನೀಗ ಬೇರೆ ತಂಡದಲ್ಲಿದ್ದೇನೆ. ಮನೆ ಸಿಗದ ಮುದಿ ನಾಯಿಗಳ ಜೊತೆಗಿರುವುದು ನನ್ನ ಕೆಲಸ. ಮೂತ್ರಪಿಂಡ ಕೆಟ್ಟು, ನೋವು ತಡೆಯಲಾಗದ ಹಂತಕ್ಕೆ ಬಂದ ನಾಯಿಗಳಿಗೆ ವೈದ್ಯರು ದಯಾಮರಣ ಕೊಡುತ್ತಾರೆ. ಆಗ ತಲೆ ಹಿಡಿದುಕೊಂಡು ಕುಳಿತಿರುವವನು ನಾನು. ಯಾರೂ ಇಲ್ಲದ ನಾಯಿ ಆ ಗಳಿಗೆಯಲ್ಲಿ ತನ್ನ ಹೆಸರು ಹಿಡಿದು ಕರೆಯುವ ದನಿಯೊಂದನ್ನು ಕೇಳುತ್ತಿರಬೇಕು ಎಂಬುದು ನನ್ನ ಹಟ. ಇದರಿಂದ ನನಗೆ ಸಂತೋಷವಾಗುತ್ತದೆ ಎಂದರೆ ಸುಳ್ಳು. ಆದರೆ ಅಂದು ರಾತ್ರಿ ನಾನು ಅಲ್ಲಿದ್ದೆ ಎಂಬ ನೆಮ್ಮದಿ ಇರುತ್ತದೆ. ನನ್ನ ತಾಯಿಯ ಕೊನೆಯ ದಿನಗಳಲ್ಲಿ ಹೆದರದೆ ಪಕ್ಕದಲ್ಲಿ ಕೂರಲು ನನಗೆ ಸಾಧ್ಯವಾದದ್ದು ಈ ನಾಯಿಗಳಿಂದ. ಅದನ್ನು ಪ್ರತಿಫಲ ಎಂದು ಕರೆಯುವುದಾದರೆ ಕರೆಯಿರಿ, ನನ್ನ ತಕರಾರಿಲ್ಲ. ಮಿತಿ ಮೀರಿ ನಾಯಿ ತುಂಬಿಕೊಳ್ಳುವವರ ಬಗ್ಗೆ ನಾನು ಹೇಳಿದ್ದು ಮಾತ್ರ ಹಾಗೇ ಇರಲಿ.

ಬಾಗಿಲ ಹೊರಗೆ ಅವರೇ, ಯಾವುದೇ ತಂಡ ಸೇರುವ ಮುನ್ನ ಒಂದು ಸಲ ಹೋಗಿ ಸುಮ್ಮನೆ ನೋಡಿ ಬನ್ನಿ. ಹೊಸದಾಗಿ ಬಂದ ನಾಯಿಯನ್ನು ಬೇರೆಯಾಗಿ ಇಡುವ ಕೋಣೆ ಇದೆಯೇ? ಲಸಿಕೆ, ಔಷಧದ ದಾಖಲೆ ಪ್ರತಿ ನಾಯಿಗೂ ಇದೆಯೇ? ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಯೇ ದತ್ತು ಕೊಡುತ್ತಾರೆಯೇ? ದತ್ತು ಹೋದ ನಾಯಿ ಹೊಂದಿಕೊಳ್ಳದಿದ್ದರೆ ವಾಪಸು ತೆಗೆದುಕೊಳ್ಳುತ್ತಾರೆಯೇ? ಜಾಗ ತುಂಬಿದಾಗ ಏನು ಮಾಡುತ್ತೀರಿ ಎಂದು ಕೇಳಿ. ಈ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವವರ ಬಳಿ ಸೇರಬೇಡಿ.

ಬೆಚ್ಚನೆಯ ಪೆಟ್ಟಿಗೆ

ಇನ್ನೊಂದು ಸೇರಿಸುತ್ತೇನೆ: ಮೊದಲ ದಿನವೇ ಯಾರ ಮೇಲುಸ್ತುವಾರಿಯೂ ಇಲ್ಲದೆ ನಿಮ್ಮ ಕೈಗೆ ದೊಡ್ಡ ನಾಯಿಯ ಹಗ್ಗ ಕೊಟ್ಟರೆ ಅಲ್ಲಿಂದ ಹೊರಡಿ. ಹೇಳಿಕೊಡುವವರು ಜೊತೆಗಿರಬೇಕು.

ಬಾಗಿಲ ಹೊರಗೆ

ಶನಿವಾರ ಹೋಗಿ ಪ್ರಶ್ನೆಗಳನ್ನೆಲ್ಲ ಕೇಳಿಯೇ ಬಂದೆ. ಎಲ್ಲದಕ್ಕೂ ಕೂರಿಸಿಕೊಂಡು ಉತ್ತರ ಹೇಳಿದರು. ಲಸಿಕೆಯ ಮೊದಲ ಡೋಸ್ ಹಾಕಿಸಿಕೊಂಡಿದ್ದೇನೆ. ಮುಂದಿನ ವಾರ ಟವೆಲ್ ಮಡಚುವ ಕೆಲಸ, ಆಮೇಲೆ ಒಂದು ಕಪ್ಪು ನಾಯಿಯ ಪಕ್ಕದಲ್ಲಿ ಕೂರುವ ಕೆಲಸ ಎಂದಿದ್ದಾರೆ. ಅದು ಯಾರ ಕಡೆಯೂ ನೋಡುವುದಿಲ್ಲವಂತೆ. ಹೋಗುವಾಗ ಏನು ತೊಟ್ಟುಕೊಳ್ಳಬೇಕು? ಏನಾದರೂ ಒಯ್ಯಬೇಕೇ?

ಸಂಜೆಪಾಳಿ

ಬೆರಳು ಕಾಣದಂತೆ ಮುಚ್ಚಿದ, ಜಾರದ ಬೂಟು. ಉದ್ದ ಕಾಲಿನ, ಹರಿದರೂ ಬೇಸರವಾಗದ ಪ್ಯಾಂಟು. ತೂಗಾಡುವ ಓಲೆ, ದುಪಟ್ಟಾ ಬೇಡ, ಸುಗಂಧ ದ್ರವ್ಯವೂ ಬೇಡ. ತಿನಿಸು ಒಯ್ಯಬೇಡಿ, ಯಾವ ನಾಯಿಗೆ ಯಾವ ಪಥ್ಯವಿದೆಯೋ ಗೊತ್ತಿರುವುದಿಲ್ಲ. ಓದಲು ಒಂದು ಪುಸ್ತಕ ತೆಗೆದುಕೊಂಡು ಹೋಗಿ, ದಪ್ಪನೆಯದಾದರೆ ಒಳ್ಳೆಯದು.